ಪಟ್ಟಿಯಿಂದ ಹೆಸರು ಹೋಯಿತು, ನನ್ನ ಬೆಲೆಯೂ ಹೋಯಿತೇ?

ಪ್ರಶ್ನೆ: ನನಗೆ 31 ವರ್ಷ. ಗದಗ ಜಿಲ್ಲೆಯ ಹಳ್ಳಿಯವನು. ಡಿಗ್ರಿ ಮುಗಿಸಿ ಧಾರವಾಡಕ್ಕೆ ಬಂದವನು ಇನ್ನೂ ಇಲ್ಲೇ ರೂಮು ಮಾಡಿಕೊಂಡು ಓದುತ್ತಿದ್ದೇನೆ. 545 ಪಿಎಸ್‌ಐ ಹುದ್ದೆಗಳ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಊರಲ್ಲಿ ಹಾರ ಹಾಕಿ ಸನ್ಮಾನ ಮಾಡಿದ್ದರು. ಕೆಲವೇ ತಿಂಗಳಲ್ಲಿ ಅಕ್ರಮ ಹೊರಬಂದು ಪರೀಕ್ಷೆಯೇ ರದ್ದಾಯಿತು. ನಾನು ಒಂದು ರೂಪಾಯಿ ಕೊಟ್ಟವನಲ್ಲ. ಆದರೂ 'ನೀ ಎಷ್ಟು ಕೊಟ್ಟಿದ್ದಿ?' ಎಂದು ಕೇಳಿದವರಿದ್ದಾರೆ. ಮರುಪರೀಕ್ಷೆಯಲ್ಲಿ ಕಟಾಫ್‌ಗಿಂತ ಸ್ವಲ್ಪದರಲ್ಲಿ ಕೆಳಗೆ ಉಳಿದೆ. ಕೆಎಎಸ್ ಪ್ರಿಲಿಮ್ಸ್ ಕೂಡ ಆಗಲಿಲ್ಲ. ಜೊತೆಗೆ ಓದಿದವರು ಎಫ್‌ಡಿಎ, ಪಿಡಿಒ ಆಗಿ ಹೋದರು. ಈಗ ಲೈಬ್ರರಿಯಲ್ಲಿ ನಾನೇ ಹಿರಿಯ. ಜೂನಿಯರ್‌ಗಳು ಲೆಕ್ಕ ಹೇಳಿಸಿಕೊಳ್ಳಲು ಬರುತ್ತಾರೆ, ಅದೂ ನಾಚಿಕೆ. ಪುಸ್ತಕ ತೆರೆದರೆ ಅದೇ ಪುಟದಲ್ಲಿ ಗಂಟೆಗಟ್ಟಲೆ ಕೂತಿರುತ್ತೇನೆ. ಅಪ್ಪ ಈಗಲೂ ದುಡ್ಡು ಕಳಿಸುತ್ತಾರೆ. ಐಟಿಐ ಓದಿ ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ತಮ್ಮನಿಗೆ ಮುಂದಿನ ತಿಂಗಳು ಮದುವೆ. ಹೋಗದೆ ಇದ್ದುಬಿಡಲೇ ಅನ್ನಿಸುತ್ತದೆ. 'ಪ್ರತಿ ಸೋಲಿನಲ್ಲೂ ಪಾಠ ಇದೆ' ಎನ್ನುತ್ತಾರೆ. ಏನು ಪಾಠ ಕಲಿಯಲಿ? ಇದ್ದೂ ಏನು ಪ್ರಯೋಜನ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಸಾಯಬೇಕು ಅನ್ನುವ ಯೋಚನೆ ಬರುತ್ತಿದೆಯೇ? ನೇರವಾಗಿ ಕೇಳುತ್ತಿದ್ದೇನೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ನಿಮ್ಮ ಉತ್ತರ 'ಹೌದು' ಅಥವಾ 'ಒಮ್ಮೊಮ್ಮೆ' ಎಂದಾದರೆ, ಮುಂದೆ ಓದುವ ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇವತ್ತು ರೂಮಿನಲ್ಲಿ ಒಬ್ಬರೇ ಇರಬೇಡಿ, ಜೊತೆಗಿರುವ ಗೆಳೆಯನಿಗೆ ಹೇಳಿ.

'ಇಲ್ಲ, ಸುಮ್ನೆ ಬೇಜಾರಿನಲ್ಲಿ ಬರೆದೆ' ಎಂದಾದರೂ ಒಂದು ಕೆಲಸ ಮಾಡಿ. ನೀವು ಧಾರವಾಡದಲ್ಲೇ ಇದ್ದೀರಿ, ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಅಲ್ಲೇ ಇದೆ. ಒಂದು ದಿನ ಬೆಳಿಗ್ಗೆ ಹೋಗಿ ತೋರಿಸಿಕೊಳ್ಳಿ. ಒಂದೇ ಪುಟದಲ್ಲಿ ಗಂಟೆಗಟ್ಟಲೆ ಕೂರುವುದು, ಜನರಿಂದ ದೂರ ಸರಿಯುವುದು, ತನಗೆ ಬೆಲೆಯೇ ಇಲ್ಲ ಅನ್ನಿಸುವುದು, ಇವು ಎರಡು ವಾರಕ್ಕಿಂತ ಜಾಸ್ತಿ ನಡೆದಿದ್ದರೆ ಖಿನ್ನತೆ ಇರಬಹುದು. ಪತ್ರ ಓದಿ ನಾನು ಅದನ್ನು ಗಟ್ಟಿಯಾಗಿ ಹೇಳಲಾರೆ. ಎದುರು ಕೂತು ನೋಡಿದ ವೈದ್ಯರು ಹೇಳಬಲ್ಲರು. ಅದು ವಾಸಿಯಾಗುವ ಕಾಯಿಲೆ. ಕಾಯಿಲೆ ಇದ್ದರೆ ಈ ಅಂಕಣದ ಮಾತು ಅದಕ್ಕೆ ಔಷಧಿ ಆಗುವುದಿಲ್ಲ.

ಈಗ ಪಾಠದ ಮಾತು. ಪ್ರತಿ ಸೋಲಿನಲ್ಲೂ ಪಾಠ ಇದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳುವ ಮಾತು ಅದು. ಆದರೆ ನಿಮ್ಮಂಥವರಿಗೆ ಅದರಿಂದ ಪೆಟ್ಟಾಗುತ್ತದೆ. ಪಾಠ ಇರಲೇಬೇಕು ಎಂದು ಹುಡುಕಲು ಹೊರಟವನಿಗೆ ಬೇರೇನೂ ಸಿಗದಿದ್ದಾಗ ಕೊನೆಗೆ ತನ್ನದೇ ತಪ್ಪು ಸಿಗುತ್ತದೆ. ನಿಮಗೆ ಆಗಿರುವುದೂ ಇದೇ. ನೀವು ಮೂರು ಬೇರೆ ಬೇರೆ ಪೆಟ್ಟುಗಳನ್ನು ಒಂದೇ ಗಂಟು ಕಟ್ಟಿ, ಮೇಲೆ 'ನಾನು ಸೋತವನು' ಎಂದು ಬರೆದಿದ್ದೀರಿ. ಆ ಗಂಟನ್ನು ಬಿಚ್ಚೋಣ.

ಮೊದಲನೆಯದು ಪಿಎಸ್‌ಐ ಪರೀಕ್ಷೆ. 2021ರ ಅಕ್ಟೋಬರ್‌ನಲ್ಲಿ ಅದನ್ನು ಬರೆದವರು 54 ಸಾವಿರದಷ್ಟು ಮಂದಿ. ಹುದ್ದೆ 545. ಅಂದರೆ 100 ಜನ ಬರೆದರೆ ಒಬ್ಬರಿಗೆ. ನೀವು ಆ ಒಬ್ಬರಾಗಿದ್ದಿರಿ, ಅದೂ ನೇರ ದಾರಿಯಲ್ಲಿ. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದಾದದ್ದು ಯಾರೋ ಮಾಡಿದ ಅಕ್ರಮದಿಂದ. ಇದರಲ್ಲಿ ನಿಮ್ಮ ಓದಿನ ಬಗ್ಗೆ ಕಲಿಯುವುದು ಏನೂ ಇಲ್ಲ. ದಯವಿಟ್ಟು ಹುಡುಕಬೇಡಿ. ಇದನ್ನು ಸೋಲು ಎಂದು ಕರೆದರೆ ಲೆಕ್ಕವೇ ತಪ್ಪುತ್ತದೆ. ನೀವು ಗೆದ್ದದ್ದನ್ನು ನಿಮ್ಮ ಕೈಯಿಂದ ಕಿತ್ತುಕೊಂಡರು. ಇದು ನಷ್ಟ, ಮೇಲಾಗಿ ಅವಮಾನ. ಮನೆಯಲ್ಲಿ ಸಾವಾದರೆ ಜನ ಬಂದು ಕೂರುತ್ತಾರೆ, ಅಳಲು ಬಿಡುತ್ತಾರೆ. ನಿಮ್ಮ ಈ ನಷ್ಟಕ್ಕೆ ಯಾರೂ ಬಂದು ಕೂರಲಿಲ್ಲ. ಹಾರ ಹಾಕಿದವರಲ್ಲೇ ಕೆಲವರು 'ಎಷ್ಟು ಕೊಟ್ಟಿದ್ದಿ' ಎಂದು ಕೇಳಿರಬೇಕು. ಗೆದ್ದೆತ್ತಿನ ಬಾಲ ಹಿಡಿಯುವುದು, ಬಿದ್ದವನಿಗೆ ಆಳಿಗೊಂದು ಕಲ್ಲು ಹಾಕುವುದು ನಮ್ಮ ಊರುಗಳ ಹಳೆಯ ಚಾಳಿ. ನೀವು ಅದಕ್ಕಾಗಿ ಅತ್ತಿದ್ದೀರಾ? ಪತ್ರದಲ್ಲಿ ಆ ಸಿಟ್ಟು, ಆ ದುಃಖ ಎಲ್ಲೂ ಕಾಣಲಿಲ್ಲ. ನೇರವಾಗಿ ಮುಂದಿನ ಪರೀಕ್ಷೆಗೆ ಹಾರಿದ್ದೀರಿ. ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆ.

ಎರಡನೆಯದು ಮರುಪರೀಕ್ಷೆ. ಅದು ನಡೆದದ್ದು 2024ರ ಜನವರಿಯಲ್ಲಿ. ಮೊದಲ ಪರೀಕ್ಷೆಗೂ ಇದಕ್ಕೂ ನಡುವೆ ಎರಡು ವರ್ಷಕ್ಕಿಂತ ಜಾಸ್ತಿ ಹೋಯಿತು. ಕೋರ್ಟು ಏನು ಹೇಳುತ್ತದೋ, ಪರೀಕ್ಷೆ ಯಾವಾಗಲೋ ಎಂದು ಕಾಯುತ್ತಾ, ಊರಿನ ಅನುಮಾನ ಹೊತ್ತುಕೊಂಡು ಓದಿದಿರಿ. ಆದರೂ ಕಟಾಫ್ ಹತ್ತಿರ ಬಂದಿರಿ. ಇದು ನಿಮಗೆ ಯೋಗ್ಯತೆ ಇಲ್ಲ ಎಂದು ತೋರಿಸುವುದಿಲ್ಲ. ಪೆಟ್ಟು ತಿಂದ ಮನಸ್ಸಿನಲ್ಲೂ ನೀವು ಎಷ್ಟು ದೂರ ಓಡಬಲ್ಲಿರಿ ಎಂದು ತೋರಿಸುತ್ತದೆ.

ಮೂರನೆಯದು ಕೆಎಎಸ್. 384 ಹುದ್ದೆಗಳ ಆ ಪ್ರಿಲಿಮ್ಸ್‌ನ ಕಥೆ ನಿಮಗೆ ನಾನು ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ನಡೆದು, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್‌ನಲ್ಲಿ ಮತ್ತೆ ನಡೆಯಿತು. ಇಲ್ಲಿ ಮಾತ್ರ ಕಲಿಯಲು ಏನಾದರೂ ಇರಬಹುದು. ಯಾವ ಪೇಪರ್‌ನಲ್ಲಿ ಅಂಕ ಹೋಯಿತು, ಪಿಎಸ್‌ಐ ಓದಿನ ರೀತಿಯಲ್ಲೇ ಇದನ್ನೂ ಓದಿದಿರಾ, ಸಮಯ ಸಾಲಲಿಲ್ಲವೇ. ಇವು ಕೀ ಆನ್ಸರ್ ಇಟ್ಟುಕೊಂಡು ಒಂದು ಸಂಜೆ ಕೂತು ನೋಡುವ ವಿಷಯಗಳು. ಇಷ್ಟೇ ಪಾಠ. ಅದು ಪೇಪರ್‌ಗೆ ಸಂಬಂಧಿಸಿದ್ದು, ನಿಮ್ಮ ಹುಟ್ಟಿಗಲ್ಲ.

ಪುಸ್ತಕ ತೆರೆದು ಸುಮ್ಮನೆ ಕೂರುವ ವಿಷಯಕ್ಕೆ ಬರುತ್ತೇನೆ. ನೀವು ಇದನ್ನು ಸೋಮಾರಿತನ ಅಂದುಕೊಂಡಿರುತ್ತೀರಿ, ಅಲ್ವಾ? ನನ್ನ ಬಳಿ ಬರುವವರಲ್ಲಿ ಬಹಳಷ್ಟು ಜನ ಆ ಪದವನ್ನೇ ಬಳಸುತ್ತಾರೆ. ಇದರ ಬಗ್ಗೆ ಮನಶ್ಶಾಸ್ತ್ರದಲ್ಲಿ ಒಂದು ಹಳೆಯ ಪ್ರಯೋಗವಿದೆ. 1967ರಲ್ಲಿ ಅಮೆರಿಕದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಮಾಡಿದ್ದು. ಇಂದು ನೋಡಿದರೆ ಕ್ರೂರ ಅನ್ನಿಸುವ ಪ್ರಯೋಗ. ಕೆಲವು ನಾಯಿಗಳಿಗೆ ವಿದ್ಯುತ್ತಿನ ಪೆಟ್ಟು ಬೀಳುತ್ತಿತ್ತು, ಆದರೆ ತಲೆಯಿಂದ ಒಂದು ಹಲಗೆ ಒತ್ತಿದರೆ ಅದು ನಿಲ್ಲುತ್ತಿತ್ತು. ಇನ್ನು ಕೆಲವಕ್ಕೆ ಅಷ್ಟೇ ಪೆಟ್ಟು ಬೀಳುತ್ತಿತ್ತು, ಆದರೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಆಮೇಲೆ ಎಲ್ಲ ನಾಯಿಗಳನ್ನೂ ಸಣ್ಣ ತಡೆಯೊಂದನ್ನು ಹಾರಿದರೆ ಸಾಕು ಪಾರಾಗಬಹುದಾದ ಜಾಗದಲ್ಲಿ ಬಿಟ್ಟರು. ಮೊದಲಿನವು ಹಾರಿದವು. ಎರಡನೆಯ ಗುಂಪಿನಲ್ಲಿ ಹೆಚ್ಚಿನವು ಹಾರಲಿಲ್ಲ. ಅಲ್ಲೇ ಮಲಗಿ ಪೆಟ್ಟು ತಿಂದವು.

ಏನು ಮಾಡಿದರೂ ಪ್ರಯೋಜನವಿಲ್ಲ ಎಂದು ಅವು ಕಲಿತುಬಿಟ್ಟವು ಎಂದೇ ಬಹಳ ಕಾಲ ವಿವರಿಸುತ್ತಿದ್ದರು. ಸುಮಾರು 50 ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ಮಿದುಳಿನ ಮೇಲೆ ನಡೆದ ಸಂಶೋಧನೆಗಳನ್ನು ನೋಡಿ ತಮ್ಮ ವಿವರಣೆಯನ್ನು ತಿರುಗಿಸಿದರು. ದೀರ್ಘ ಕಾಲ ಪೆಟ್ಟು ಬಿದ್ದಾಗ ಕೈಚೆಲ್ಲಿ ಕೂರುವುದು ಕಲಿತದ್ದಲ್ಲ, ಅದು ಮಿದುಳಿಗೆ ತಾನಾಗಿ ಬರುವ ಮೊದಲ ಪ್ರತಿಕ್ರಿಯೆ. ಹೊಸದಾಗಿ ಕಲಿಯಬೇಕಾದದ್ದು 'ನಾನು ಮಾಡಿದರೆ ಏನೋ ಬದಲಾಗುತ್ತದೆ' ಎಂಬುದನ್ನು. ಆ ನಾಯಿಗಳಿಗೂ ಕೊನೆಗೆ ಸಹಾಯವಾದದ್ದು ಕರೆಯುವುದಲ್ಲ, ಪುಸಲಾಯಿಸುವುದಲ್ಲ. ಹಗ್ಗ ಕಟ್ಟಿ ಹಲವು ಸಲ ಆ ತಡೆಯನ್ನು ದಾಟಿಸಿದರು. ಆಮೇಲೆ ತಾವೇ ಹಾರಿದವು.

ಹಾಗಾಗಿ 'ಮನಸ್ಸು ಸರಿಯಾಗಲಿ, ಆಮೇಲೆ ಎದ್ದು ಮಾಡುತ್ತೇನೆ' ಎಂದು ಕಾಯಬೇಡಿ. ಹುರುಪು ಬರುವುದು ಕೆಲಸದ ಹಿಂದಿನಿಂದ. ನೀವು ಮಾಡಿದ ತಕ್ಷಣ ಫಲ ಕಾಣುವ ಸಣ್ಣ ಕೆಲಸಗಳು ಈಗ ಬೇಕು. ಫಲಿತಾಂಶಕ್ಕೆ ವರ್ಷಗಟ್ಟಲೆ ಕಾಯಿಸುವ ಪರೀಕ್ಷೆ ಈ ವಿಷಯದಲ್ಲಿ ನಿಮಗೆ ಏನೂ ಸಹಾಯ ಮಾಡದು. ಬೆಳಿಗ್ಗೆ ಗೆಳೆಯನನ್ನು ಕರೆದುಕೊಂಡು ನಡೆದು ಬನ್ನಿ. ಖಾನಾವಳಿ ಊಟ ಬಿಟ್ಟು ವಾರಕ್ಕೊಂದು ದಿನ ರೂಮಿನಲ್ಲೇ ಅಡುಗೆ ಮಾಡಿ ಇಬ್ಬರಿಗೆ ಬಡಿಸಿ. ಮತ್ತೆ, ಆ ಜೂನಿಯರ್‌ಗಳಿಗೆ ಲೆಕ್ಕ ಹೇಳಿಕೊಡುವುದನ್ನು ನಿಲ್ಲಿಸಬೇಡಿ. ನಾಚಿಕೆ ಎಂದು ಬರೆದಿದ್ದೀರಿ. ನನಗಂತೂ ಇಡೀ ಪತ್ರದಲ್ಲಿ ಅದೊಂದೇ ಕಡೆ ನಿಮ್ಮ ಕೆಲಸದ ಫಲ ಅಲ್ಲೇ ಕಣ್ಣೆದುರಿಗೆ ಕಂಡಿತು. ಹುಡುಗನಿಗೆ ಅರ್ಥವಾಗದ ಲೆಕ್ಕ ನೀವು ಹೇಳಿದ ಮೇಲೆ ಅರ್ಥವಾಗುತ್ತದೆ. ನಿಮ್ಮ ರ್‍ಯಾಂಕ್ ಏನಿದ್ದರೂ ಅದು ನಡೆಯುತ್ತದೆ.

ಬೆಲೆಯ ಪ್ರಶ್ನೆಗೆ ಈಗ ಬರಬಹುದು. ಜೆನಿಫರ್ ಕ್ರಾಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಜನ ತಮ್ಮ ಬೆಲೆಯನ್ನು ಯಾವುದರ ಮೇಲೆ ನಿಲ್ಲಿಸುತ್ತಾರೆ ಎಂದು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ಕೆಲವರದು ರೂಪದ ಮೇಲೆ, ಕೆಲವರದು ಬೇರೆಯವರ ಮೆಚ್ಚುಗೆಯ ಮೇಲೆ, ಕೆಲವರದು ಓದಿನ ಮೇಲೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿದ್ದ ವಿದ್ಯಾರ್ಥಿಗಳನ್ನು ಗಮನಿಸಿದರು. ಸೀಟು ಸಿಕ್ಕ ದಿನ, ಸಿಗದ ದಿನ ಅವರ ಆತ್ಮಗೌರವ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂದು ನೋಡಿದರು. ತಮ್ಮ ಬೆಲೆಯನ್ನೆಲ್ಲ ಓದಿನ ಮೇಲೆ ನಿಲ್ಲಿಸಿದ್ದವರಲ್ಲಿ ಈ ಏರಿಳಿತ ಬಹಳ ಜಾಸ್ತಿ ಇತ್ತು. ಸಿಗದ ಸೀಟು ಎಲ್ಲರಿಗೂ ಬೇಜಾರು. ಆದರೆ ಒಬ್ಬನಿಗೆ ಸೀಟು ಮಾತ್ರ ಹೋಗುತ್ತದೆ, ಇನ್ನೊಬ್ಬನಿಗೆ ತಾನೇ ಹೋದಂತಾಗುತ್ತದೆ.

ಪರಿಹಾರ ಏನು? ಹೆಚ್ಚಿನವರು 'ಆತ್ಮವಿಶ್ವಾಸ ಬೆಳೆಸಿಕೊಳ್ಳಿ, ಕನ್ನಡಿ ಮುಂದೆ ನಿಂತು ನಾನು ಶ್ರೇಷ್ಠ ಎಂದು ಹೇಳಿಕೊಳ್ಳಿ' ಎನ್ನುತ್ತಾರೆ. ನಾನು ಅದನ್ನು ಹೇಳುವುದಿಲ್ಲ. ಕನ್ನಡಿ ಮುಂದಿನ ಮಾತು ಕೂಡ ತನ್ನನ್ನು ತಾನು ತೂಗುವ ಕೆಲಸವೇ. ಇವತ್ತು ಹೆಚ್ಚು ತೂಗಿದಿರಿ, ನಾಳೆ ಯಾರದೋ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಯೂನಿಫಾರ್ಮ್ ಕಂಡಿತು, ಮತ್ತೆ ಕಡಿಮೆ ತೂಗಿದಿರಿ. ನನ್ನ ಮಾತು ಇಷ್ಟು: ತೂಗುವುದನ್ನೇ ಬಿಡಿ. ನೀವು ಮಾಡಿದ ಕೆಲಸಕ್ಕೆ ಅಂಕ ಕೊಡಿ, ಕಟುವಾಗಿಯೇ ಕೊಡಿ. ಪೇಪರ್ ಕೆಟ್ಟದಾಗಿ ಬರೆದಿದ್ದರೆ ಕೆಟ್ಟದು ಎನ್ನಿ. ಆದರೆ ನಿಮಗೇ ಅಂಕ ಹಾಕಲು ಹೋಗಬೇಡಿ. ಒಬ್ಬ ಮನುಷ್ಯನಿಗೆ ಒಟ್ಟು ಇಷ್ಟು ಅಂಕ ಎಂದು ಹಾಕುವ ಪರೀಕ್ಷೆ ಯಾವ ಆಯೋಗದ ಬಳಿಯೂ ಇಲ್ಲ. ನಿಮ್ಮ ಅವ್ವನಿಗೆ ನೀವು ಎಷ್ಟು ಅಂಕ ಕೊಡುತ್ತೀರಿ? ಪ್ರಶ್ನೆಯೇ ಅಸಹ್ಯ ಅನ್ನಿಸುತ್ತದೆ. ನಿಮ್ಮ ವಿಷಯದಲ್ಲೂ ಅದು ಅಷ್ಟೇ ಅಸಹ್ಯ.

'ಹೀಗೆ ಮೆತ್ತಗೆ ಬಿಟ್ಟರೆ ಇನ್ನೂ ಹಾಳಾಗುತ್ತೇನೆ' ಎಂಬ ಭಯ ನಿಮಗಿರಬಹುದು. ಅದನ್ನೂ ಪರೀಕ್ಷಿಸಿ ನೋಡಿದ್ದಾರೆ. 2012ರಲ್ಲಿ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ ಕಷ್ಟದ ಪದಪರೀಕ್ಷೆಯೊಂದರಲ್ಲಿ ಎಡವಿದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ತಮ್ಮ ಬಗ್ಗೆ ತಾವೇ ಕನಿಕರದಿಂದ ಯೋಚಿಸುವಂತೆ ಹೇಳಿದರು. ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಜಾಸ್ತಿ ಹೊತ್ತು ಓದಿದ್ದು ಅವರೇ. ಬೈದುಕೊಂಡರೆ ಓದು ಬರುತ್ತದೆ ಎಂಬುದು ನಮ್ಮ ಶಾಲೆಗಳು ಕಲಿಸಿದ ನಂಬಿಕೆ.

ಸಂತೋಷದ ಬಗ್ಗೆ ನೀವು ಕೇಳಿಲ್ಲ. ಕೇಳದೆ ಇದ್ದದ್ದೇ ನನ್ನ ಕಣ್ಣಿಗೆ ಬಿತ್ತು. ಪರೀಕ್ಷೆಗೆ ಓದುವವರ ಬಾಯಲ್ಲಿ ಎಲ್ಲವೂ 'ಸೆಲೆಕ್ಷನ್ ಆದಮೇಲೆ'. ಜಾತ್ರೆಗೆ ಸೆಲೆಕ್ಷನ್ ಆದಮೇಲೆ, ಗೆಳೆಯರ ಮನೆಗೆ ಸೆಲೆಕ್ಷನ್ ಆದಮೇಲೆ, ಒಳ್ಳೆಯ ಅಂಗಿ ಸಹ ಸೆಲೆಕ್ಷನ್ ಆದಮೇಲೆ. ನಿಮ್ಮ ಭಾಗದ ರೈತರು ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಹಾಕುತ್ತಾರೆ. ಒಂದು ಕೈಕೊಟ್ಟರೂ ವರ್ಷ ಪೂರ್ತಿ ಖಾಲಿ ಹೋಗದಿರಲಿ ಎಂದು. ನೀವು ಮಾತ್ರ ಇಪ್ಪತ್ತು ದಾಟಿದಾಗಿನಿಂದ ಒಂದೇ ಬೆಳೆ ನಂಬಿ ಕೂತಿದ್ದೀರಿ.

ಅಷ್ಟಕ್ಕೂ ಸೆಲೆಕ್ಷನ್ ಆದಮೇಲೆ ಸಿಗುವ ಸಂತೋಷ ನಾವು ಅಂದುಕೊಂಡಷ್ಟು ದೊಡ್ಡದೂ ಅಲ್ಲ, ಅಷ್ಟು ಕಾಲ ಉಳಿಯುವುದೂ ಇಲ್ಲ. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಅವರ ಸಂಗಡಿಗರು ಅಮೆರಿಕದ ಇಲಿನಾಯ್‌ನಲ್ಲಿ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದರು. ಗೆಲ್ಲದವರಿಗಿಂತ ಅವರು ಹೇಳಿಕೊಳ್ಳುವಷ್ಟು ಜಾಸ್ತಿ ಸಂತೋಷವಾಗಿ ಇರಲಿಲ್ಲ. ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿಯಂಥ ದಿನನಿತ್ಯದ ಸಣ್ಣ ಸುಖಗಳನ್ನು ಅವರು ಇತರರಿಗಿಂತ ಕಡಿಮೆ ಸವಿಯುತ್ತಿದ್ದರು. ಸಣ್ಣ ಅಧ್ಯಯನ ಅದು, ಅದರ ಮೇಲೆ ಬಹಳ ಭಾರ ಹಾಕಬಾರದು. ಆದರೆ ನಾನು ನೋಡುವುದೂ ಅದನ್ನೇ. ಕೆಲಸ ಸಿಕ್ಕವರೂ ನನ್ನ ಬಳಿ ಬರುತ್ತಾರೆ. ನಿದ್ದೆಯಿಲ್ಲದ ಡ್ಯೂಟಿ, ವರ್ಗಾವಣೆ, ಮೇಲಿನವರ ಕಾಟ. ಮೊದಲ ಸಂಬಳದ ಖುಷಿ ನಿಜ. ಅದು ಬದುಕಿಡೀ ಹೊಳೆಯುವುದಿಲ್ಲ. ಕೆಲಸ ಬೇಡ ಎಂದು ಹೇಳುತ್ತಿಲ್ಲ. ಸರ್ಕಾರಿ ಕೆಲಸ ನಿಮ್ಮಂಥ ಮನೆಗೆ ಎಷ್ಟು ದೊಡ್ಡ ಆಸರೆ ಎಂದು ಗೊತ್ತಿದೆ. ದುಡ್ಡಿನ ಭದ್ರತೆಯೇ ಬೇರೆ, ಲಾಟರಿಯೇ ಬೇರೆ. ಇಷ್ಟೇ ಹೇಳುತ್ತೇನೆ, ಆ ಕೆಲಸ ಬರುವ ತನಕ ನಗುವುದನ್ನು ಮುಂದೂಡಬೇಡಿ.

ಅದಕ್ಕೇ ಮದುವೆಗೆ ಹೋಗಿ. ಹಿಂದಿನ ದಿನವೇ ಹೋಗಿ. ಜನರ ನಡುವೆ ಸುಮ್ಮನೆ ಕೂತವನನ್ನು ಎಲ್ಲರೂ ಪ್ರಶ್ನೆ ಕೇಳುತ್ತಾರೆ, ಓಡಾಡುವವನನ್ನು ಯಾರೂ ಹಿಡಿದು ನಿಲ್ಲಿಸುವುದಿಲ್ಲ. ಹಂದರ ಹಾಕಿಸುವುದು, ಸಾಮಾನು ತರಿಸುವುದು, ಊಟದ ಪಂಕ್ತಿ ನೋಡಿಕೊಳ್ಳುವುದು, ಯಾವುದಾದರೂ ಒಂದು ಕೆಲಸ ನಿಮ್ಮದೇ ಎಂದು ತಮ್ಮನಿಗೆ ಈಗಲೇ ಹೇಳಿಬಿಡಿ. 'ಏನ್ ಮಾಡಾಕತ್ತೀಪಾ ಈಗ?' ಎಂದು ಕೇಳುವವರು ಇದ್ದೇ ಇರುತ್ತಾರೆ. ಉತ್ತರ ಮೊದಲೇ ಇಟ್ಟುಕೊಳ್ಳಿ. 'ಓದಾಕತ್ತೇನಿ, ಹುಡುಗರಿಗೆ ಲೆಕ್ಕಾನೂ ಹೇಳಿಕೊಡ್ತೇನಿ. ಊಟ ಆತೇನ್ರಿ ನಿಮ್ದು?' ಅಷ್ಟು ಸಾಕು. ಪಿಎಸ್‌ಐ ವಿಷಯ ಎತ್ತಿದರೆ 'ನಾ ಯಾರಿಗೂ ದುಡ್ಡು ಕೊಟ್ಟಿಲ್ರಿ' ಎಂದು ಒಂದೇ ಸಲ, ಕಣ್ಣಲ್ಲಿ ಕಣ್ಣಿಟ್ಟು ಹೇಳಿ. ವಾದ ಬೇಡ. ನಂಬದವರನ್ನು ನಂಬಿಸುವ ಹೊಣೆ ನಿಮ್ಮದಲ್ಲ. ಅಣ್ಣನಿಗಿಂತ ಮೊದಲು ತಮ್ಮನ ಮದುವೆಯಾದದ್ದಕ್ಕೆ ಗುಸುಗುಸು ಇರುತ್ತದೆ. ಅದು ನಾಲ್ಕು ದಿನದ್ದು. ನೀವು ಬರಲಿಲ್ಲ ಅನ್ನುವುದನ್ನು ಮಾತ್ರ ತಮ್ಮ ಬಹಳ ವರ್ಷ ನೆನಪಿಟ್ಟುಕೊಳ್ಳುತ್ತಾನೆ.

ಮದುವೆಗೆ ಹೋಗುವ ಮೊದಲು ಇನ್ನೊಂದು ಕೆಲಸವಿದೆ. 2022ರ ಆ ನಷ್ಟದ ಬಗ್ಗೆ ಬರೆಯಿರಿ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ವಿದ್ಯಾರ್ಥಿಗಳಿಂದ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ದೊಡ್ಡ ನೋವಿನ ಬಗ್ಗೆ ಬರೆಸಿದರು. ಬರೆದ ದಿನ ಅವರಿಗೆ ಇನ್ನೂ ಬೇಜಾರಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ, ಘಟನೆಯನ್ನೂ ಅದರ ಬಗ್ಗೆ ಅನಿಸಿದ್ದನ್ನೂ ಸೇರಿಸಿ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಹೋದರು. ನೀವೂ ಹಾಗೇ ಮಾಡಿ. ಹಾರ ಹಾಕಿದ ದಿನ, ರದ್ದಾದ ಸುದ್ದಿ ಬಂದ ದಿನ, ಮೊದಲು 'ಎಷ್ಟು ಕೊಟ್ಟಿದ್ದಿ' ಎಂದವರು, ಆಗ ನಿಮ್ಮ ಹೊಟ್ಟೆಯಲ್ಲಿ ಆದ ಸಂಕಟ. ನಿಮ್ಮ ಆಡುಮಾತಿನಲ್ಲೇ ಬರೆಯಿರಿ, ಬೈಗುಳ ಬಂದರೆ ಬರಲಿ. ಯಾರಿಗೂ ತೋರಿಸಬೇಕಿಲ್ಲ, ಆಮೇಲೆ ಹರಿದು ಹಾಕಬಹುದು. ಬರೆಯುವಾಗ ತಡೆಯಲಾಗದಷ್ಟು ಕಷ್ಟವಾದರೆ ನಿಲ್ಲಿಸಿ, ಅದನ್ನು ಡಿಮ್ಹಾನ್ಸ್‌ನಲ್ಲಿ ಹೇಳಿ.

ಅಪ್ಪನ ದುಡ್ಡಿನ ವಿಷಯ. ಅವರು ಕಳಿಸುತ್ತಾರೆ, ನೀವು ತೆಗೆದುಕೊಳ್ಳುತ್ತೀರಿ, ಇಬ್ಬರೂ ಮಾತಾಡುವುದಿಲ್ಲ. ಈ ಮೌನದಲ್ಲಿ ನೀವು 'ಅಪ್ಪನಿಗೆ ನಾನು ಭಾರ' ಎಂದು ಓದಿಕೊಳ್ಳುತ್ತಿದ್ದೀರಿ. ಅವರು ಏನು ಅಂದುಕೊಂಡಿದ್ದಾರೋ ನಿಮಗೆ ಗೊತ್ತಿಲ್ಲ. ನಮ್ಮ ಕಡೆಯ ಅಪ್ಪಂದಿರು ಎದುರು ಕೂತು ಮನಸ್ಸು ಬಿಚ್ಚುವವರಲ್ಲ. ಮದುವೆಯ ಗದ್ದಲ ಮುಗಿದ ಮೇಲೆ ಹೊಲಕ್ಕೆ ಜೊತೆಗೆ ಹೋಗಿ. ಕೆಲಸ ಮಾಡುತ್ತಾ ಕೇಳಿ: 'ಅಪ್ಪಾ, ಇನ್ನೆಷ್ಟು ದಿನ ಕಳಿಸೂದು ಆಗತೈತಿ?' ಸಾಲ ಇದೆಯೇ ಎಂದು ಕೇಳಿ. ಉತ್ತರ ಕಹಿಯಾಗಿರಬಹುದು. ಆದರೆ ಗೊತ್ತಿರುವ ಸಾಲವನ್ನು ತೀರಿಸಲು ದಾರಿ ಹುಡುಕಬಹುದು.

ಓದು ಮುಂದುವರಿಸಬೇಕೇ ಬೇಡವೇ ಎಂಬುದನ್ನು ಈ ತಿಂಗಳು ತೀರ್ಮಾನಿಸಬೇಡಿ. ವೈದ್ಯರನ್ನು ಕಂಡು, ಮದುವೆ ಮುಗಿಸಿ, ನಿದ್ದೆ ಸರಿಯಾದ ಮೇಲೆ ಒಂದು ಹಾಳೆ ತೆಗೆದುಕೊಳ್ಳಿ. ಯಾವ ಪರೀಕ್ಷೆಗೆ ನಿಮ್ಮ ವಯಸ್ಸಿನ ಮಿತಿ ಎಂದಿಗೆ ಮುಗಿಯುತ್ತದೆ, ಅಪ್ಪನ ಕೈಲಿ ಎಷ್ಟು ತಿಂಗಳು ಆಗುತ್ತದೆ, ಲೆಕ್ಕ ಹೇಳಿಕೊಟ್ಟು ನೀವು ತಿಂಗಳಿಗೆ ಎಷ್ಟು ದುಡಿಯಬಹುದು ಎಂದು ಬರೆಯಿರಿ. ಧಾರವಾಡದಲ್ಲಿ ಕೋಚಿಂಗ್ ಕ್ಲಾಸುಗಳಿಗೆ ಲೆಕ್ಕ ಚೆನ್ನಾಗಿ ಹೇಳಿಕೊಡುವವರು ಯಾವಾಗಲೂ ಬೇಕು. ನಿಲ್ಲಿಸುವ ದಿನಾಂಕ ಒಂದನ್ನು ನೀವೇ ಹಾಕಿ, ಅಪ್ಪನಿಗೂ ತಮ್ಮನಿಗೂ ಹೇಳಿ. ಆ ದಿನದ ತನಕ ಅರ್ಧ ದಿನ ಓದಿ, ಅರ್ಧ ದಿನ ದುಡಿಯಿರಿ. ಡಿಮ್ಹಾನ್ಸ್‌ಗೆ ಹೋಗಿ ಬಂದ ಮೇಲೆ ವೈದ್ಯರು ಏನು ಹೇಳಿದರು, ನಿದ್ದೆ ಹೇಗಿದೆ ಎಂದು ನನಗೆ ಬರೆಯಿರಿ. ಮುಂದಿನದನ್ನು ಅದನ್ನು ನೋಡಿಕೊಂಡು ಮಾತಾಡೋಣ.